ಮಕ್ಕಳಿಗೆ ಹೇಳಿದ ಗೂಢಚಾರನ ಕಥೆ

ಪ್ರಶ್ನೆ: ‘ದಿ ಪ್ರಿಸನರ್’ ಎಂಬ ಹಳೆಯ ಬ್ರಿಟಿಷ್ ಸರಣಿಯನ್ನು ಮೊದಲಿನಿಂದ ಕ್ರಮವಾಗಿ ನೋಡುತ್ತ ಬಂದಿದ್ದೇನೆ. 15ನೆಯ ಕಂತಾದ ‘ದಿ ಗರ್ಲ್ ಹೂ ವಾಸ್ ಡೆತ್’ ನೋಡಿ ಗಲಿಬಿಲಿಯಾಯಿತು. ಕಥಾನಾಯಕನನ್ನು ಸೆರೆಯಿಟ್ಟಿರುವ ‘ವಿಲೇಜ್’ ಎಂಬ ಊರು ಕೊನೆಯವರೆಗೂ ಕಾಣುವುದಿಲ್ಲ; ಬದಲಿಗೆ ಕ್ರಿಕೆಟ್, ರಾಕೆಟ್ ಎಂದು ಏನೇನೋ ನಡೆದು, ಅದೆಲ್ಲವೂ ಅವನು ಮಕ್ಕಳಿಗೆ ಹೇಳಿದ ಕಥೆಯೆಂದು ತಿಳಿಯುತ್ತದೆ. ಇಷ್ಟು ಗಂಭೀರವಾದ ಸರಣಿಯಲ್ಲಿ ಈ ಹುಡುಗಾಟ ಏಕೆ? ಈ ಕಂತನ್ನು ಬಿಟ್ಟು ಮುಂದೆ ಹೋದರೆ ನಷ್ಟವುಂಟೆ?

ಉತ್ತರ: ದಯವಿಟ್ಟು ಬಿಡಬೇಡಿ. ಸರಣಿಯ 17 ಕಂತುಗಳಲ್ಲಿ ಇದರಷ್ಟು ನಗುನಗುತ್ತ ತನ್ನ ಮೂಲ ವಿಷಯವನ್ನು ಹಿಡಿದಿರುವ ಕಂತು ಇನ್ನೊಂದಿಲ್ಲ.

1968ರ ಜನವರಿಯಲ್ಲಿ ಪ್ರಸಾರವಾದ ಈ ಕಂತನ್ನು ಬರೆದವರು ಟೆರೆನ್ಸ್ ಫೀಲಿ, ನಿರ್ದೇಶಿಸಿದವರು ಡೇವಿಡ್ ಟಾಂಬ್ಲಿನ್. ಇಂಗ್ಲೆಂಡಿನ ಹಳ್ಳಿಯೊಂದರ ಹಸಿರು ಮೈದಾನದಲ್ಲಿ ಕ್ರಿಕೆಟ್ ನಡೆಯುತ್ತಿರುತ್ತದೆ. ಶತಕಕ್ಕೆ ಒಂದೇ ಓಟ ಬೇಕಾಗಿರುವ ವಯಸ್ಸಾದ ಕರ್ನಲ್‌ಗೆ ಎಸೆದ ಚೆಂಡೇ ಸಿಡಿದು ಅವನು ಸಾಯುತ್ತಾನೆ. ಅವನ ಜಾಗಕ್ಕೆ ಬರುವ ನಮ್ಮ ನಾಯಕನಿಗೆ ಒಪ್ಪಿಸಿರುವ ಕೆಲಸ, ಲಂಡನ್ ನಗರವನ್ನು ನಾಶಮಾಡಲು ರಾಕೆಟ್ ಕಟ್ಟುತ್ತಿರುವ ಷ್ನಿಪ್ಸ್ ಎಂಬ ವಿಜ್ಞಾನಿಯನ್ನು ಪತ್ತೆಹಚ್ಚುವುದು. ಬಿಳಿಯುಡುಪಿನ ಸೋನ್ಯಾ ಎಂಬ ಯುವತಿ ಹೆಜ್ಜೆಹೆಜ್ಜೆಗೂ ಅವನನ್ನು ಕೊಲ್ಲಲು ನೋಡುತ್ತಾಳೆ, ಆದರೆ ಹಗೆಯಿಂದಲ್ಲ. ತನಗೆ ಸರಿಸಾಟಿಯಾದ ಎದುರಾಳಿ ಸಿಕ್ಕನೆಂಬ ಸಂತೋಷದಿಂದ.

ಒಂದು ದೃಶ್ಯವನ್ನು ಮತ್ತೊಮ್ಮೆ ನಿಧಾನವಾಗಿ ನೋಡಿ. ನಾಯಕ ಪಬ್ಬಿನಲ್ಲಿ ನಿಂತು ಬಿಯರ್ ಕುಡಿಯುತ್ತಿದ್ದಾನೆ. ಬಿಯರ್ ಇಳಿಯುತ್ತಿದ್ದಂತೆ ಗ್ಲಾಸಿನ ತಳದಲ್ಲಿ ಅಕ್ಷರಗಳು ಮೂಡುತ್ತವೆ: ನಿನಗೆ ಈಗಷ್ಟೇ ವಿಷ ಹಾಕಲಾಗಿದೆ. ಅವನು ಕೂಗಾಡುವುದಿಲ್ಲ, ವೈದ್ಯರನ್ನು ಕರೆಯುವುದಿಲ್ಲ. ಬ್ರಾಂದಿ, ವಿಸ್ಕಿ, ವೋಡ್ಕಾ ಎಂದು ಒಂದರ ಮೇಲೊಂದು ಪಾನೀಯವನ್ನು ತರಿಸಿ, ಬಡಿಸುವವಳು ಕಣ್ಣರಳಿಸಿ ನೋಡುತ್ತಿರುವಂತೆಯೇ ಎಲ್ಲವನ್ನೂ ಗಟಗಟನೆ ಕುಡಿದು, ಹೊಟ್ಟೆ ತೊಳಸಿಕೊಂಡು ವಿಷವನ್ನು ಕಾರಿಕೊಳ್ಳಲು ಶೌಚಾಲಯದತ್ತ ನಡೆಯುತ್ತಾನೆ. ನಟ ಪ್ಯಾಟ್ರಿಕ್ ಮೆಕ್‌ಗೂಹನ್ ಇದನ್ನೆಲ್ಲ ಮುಖದ ಒಂದು ಗೆರೆಯೂ ಅಲುಗದಂತೆ ಮಾಡುವುದರಿಂದಲೇ ನಮಗೆ ನಗು ಬರುತ್ತದೆ. ಆ ಕಾಲದ ಗೂಢಚಾರ ಚಿತ್ರಗಳ ಎಲ್ಲ ಚಾಳಿಗಳೂ ಇಲ್ಲಿ ಒಟ್ಟಾಗಿವೆ: ರೆಕಾರ್ಡ್ ಅಂಗಡಿಯಲ್ಲಿ ತಟ್ಟೆಯೊಳಗಿನ ಧ್ವನಿ ಕೇಳುಗನ ಮಾತಿಗೆ ಮರುಮಾತಾಡುತ್ತದೆ, ಕಡಲತೀರದ ದೀಪಸ್ತಂಭದಲ್ಲಿ (ಲೈಟ್‌ಹೌಸ್) ಅಡಗಿರುವ ಷ್ನಿಪ್ಸ್ ತನ್ನನ್ನು ನೆಪೋಲಿಯನ್ ಎಂದೇ ಭಾವಿಸಿ ಅದೇ ವೇಷದಲ್ಲಿರುತ್ತಾನೆ, ಕಡೆಗೆ ಆ ದೀಪಸ್ತಂಭವೇ ರಾಕೆಟ್ ಎಂದು ಗೊತ್ತಾಗುತ್ತದೆ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರವಿರುವುದು ಕೊನೆಯ ಎರಡು ನಿಮಿಷಗಳಲ್ಲಿ. ನಾಯಕ ಪುಸ್ತಕ ಮುಚ್ಚುತ್ತಾನೆ. ಎದುರಿಗೆ ಮಕ್ಕಳು ಹಾಸಿಗೆಯಲ್ಲಿದ್ದಾರೆ. ಅವನು ವಿಲೇಜಿನಲ್ಲಿಯೇ ಇದ್ದಾನೆ, ಹೆಸರಿನ ಬದಲು ಅಲ್ಲಿ ಕೊಟ್ಟ ಸಂಖ್ಯೆಯಂತೆ ಇನ್ನೂ ‘ನಂಬರ್ ಸಿಕ್ಸ್’ ಆಗಿಯೇ ಇದ್ದಾನೆ. ಊರಿನ ಅಧಿಕಾರಿಯಾದ ‘ನಂಬರ್ ಟೂ’ ತನ್ನ ಸಹಾಯಕಿಯೊಡನೆ ಪರದೆಯ ಮೇಲೆ ಇದನ್ನೆಲ್ಲ ಗಮನಿಸುತ್ತಿದ್ದಾನೆ. ಈ ಮನುಷ್ಯ ತನ್ನ ಗೂಢಚಾರ ಹುದ್ದೆಗೆ ರಾಜೀನಾಮೆ ಕೊಟ್ಟದ್ದೇಕೆ ಎಂಬ ಒಂದೇ ಗುಟ್ಟನ್ನು ಹೊರಡಿಸಲು ಔಷಧ, ಸಮ್ಮೋಹನ, ಸುಳ್ಳು ಸ್ನೇಹ ಎಲ್ಲವನ್ನೂ ಪ್ರಯೋಗಿಸಿ ಸೋತವರು, ಮಕ್ಕಳೆದುರಿಗಾದರೂ ಅವನು ಎಚ್ಚರ ತಪ್ಪಿ ಬಾಯಿ ಬಿಡಬಹುದೆಂದು ಕಾದಿದ್ದರು. ಅವನು ಬಾಯಿ ಬಿಟ್ಟನು, ಗಂಟೆಗಟ್ಟಲೆ ಎನ್ನುವಷ್ಟು ಮಾತಾಡಿದನು, ಆದರೆ ಗುಟ್ಟಿನ ಒಂದು ಎಳೆಯನ್ನೂ ಕೊಡಲಿಲ್ಲ. ಅಷ್ಟೇ ಅಲ್ಲ, ಷ್ನಿಪ್ಸ್ ಮತ್ತು ಸೋನ್ಯಾಳ ಮುಖಗಳು ಈ ಅಧಿಕಾರಿ ಮತ್ತು ಸಹಾಯಕಿಯ ಮುಖಗಳೇ. ತನ್ನನ್ನು ಕಾಯುವವರನ್ನೇ ಕಥೆಗೆ ಎಳೆದುತಂದು, ಹುಚ್ಚು ನೆಪೋಲಿಯನ್ನನಾಗಿಯೂ ಕೊಲೆಗಾತಿಯಾಗಿಯೂ ಮಾಡಿ, ಅವರ ರಾಕೆಟ್ಟಿನೊಡನೆಯೇ ಸುಟ್ಟುಹಾಕಿದ್ದಾನೆ. ಗೋಡೆಗೆ ತಲೆ ಚಚ್ಚಿಕೊಳ್ಳುವ ಕೈದಿಗಿಂತ, ತನ್ನ ಮೇಲೆ ಕಣ್ಣಿಟ್ಟವರಿಗೆ ಕಥೆ ಹೇಳಿ ಮಲಗಿಸುವ ಈ ಕೈದಿ ನನಗೆ ಹೆಚ್ಚು ಸ್ವತಂತ್ರನಾಗಿ ಕಾಣುತ್ತಾನೆ.

ಕಟ್ಟಕಡೆಗೆ ಅವನು ನೇರವಾಗಿ ಕ್ಯಾಮೆರಾದತ್ತ ತಿರುಗಿ, ಎಲ್ಲೆಡೆಯ ಮಕ್ಕಳಿಗೂ ಶುಭರಾತ್ರಿ ಎನ್ನುತ್ತಾನೆ. ಬಿಬಿಸಿ ರೇಡಿಯೋದ ಮಕ್ಕಳ ಕಾರ್ಯಕ್ರಮದಲ್ಲಿ ಡೆರೆಕ್ ಮೆಕಲಕ್ ಅವರು ಪ್ರತಿಸಲ ವಿದಾಯ ಹೇಳುತ್ತಿದ್ದುದು ಇದೇ ಮಾತಿನಿಂದ. ಅದನ್ನು ಕೇಳುತ್ತ ಬೆಳೆದ ಅಂದಿನ ಬ್ರಿಟಿಷ್ ಪ್ರೇಕ್ಷಕರಿಗೆ ಅದರ ಸೊಗಸು ಕೂಡಲೇ ತಟ್ಟಿರಬೇಕು. ಆದರೆ ಆ ಮಾತು ಮಲಗುವ ಮಕ್ಕಳಿಗೆ ಮಾತ್ರವಲ್ಲ, ಕದ್ದು ಕೇಳುತ್ತಿರುವ ಅಧಿಕಾರಿಗೂ ಹೌದು ಎಂಬುದನ್ನು ಮರೆಯಬೇಡಿ.

ಇನ್ನೊಂದು ಕಾರಣಕ್ಕೂ ಇದನ್ನು ಬಿಡಬಾರದು. ಇದರ ಮುಂದಿನ ಕಂತಾದ ‘ಒನ್ಸ್ ಅಪಾನ್ ಎ ಟೈಮ್’ನಲ್ಲಿ ನಂಬರ್ ಸಿಕ್ಸ್‌ನನ್ನು ಮಾನಸಿಕವಾಗಿ ಶೈಶವಕ್ಕೇ ಹಿಂದಿರುಗಿಸಿ, ಶಿಶುಗೀತೆಗಳನ್ನೂ ಆಟಿಕೆಗಳನ್ನೂ ಬಳಸಿ ವಿಚಾರಣೆ ನಡೆಸುತ್ತಾರೆ. ಇಲ್ಲಿ ಮಕ್ಕಳಿಗೆ ಕಥೆ ಹೇಳಿದವನನ್ನು ಅಲ್ಲಿ ಮಗುವನ್ನಾಗಿಯೇ ಮಾಡಿಬಿಡುತ್ತಾರೆ. ಎರಡನ್ನೂ ಒಂದರ ಹಿಂದೊಂದು ನೋಡಿದಾಗ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಇದೇ ಕಂತಿನಲ್ಲಿ ಬರುವ ಪಾಟರ್ ಎಂಬ ಸಹೋದ್ಯೋಗಿ ಮೆಕ್‌ಗೂಹನ್ ಅವರ ಹಿಂದಿನ ಸರಣಿ ‘ಡೇಂಜರ್ ಮ್ಯಾನ್’ನಲ್ಲಿಯೂ ಇದ್ದನಲ್ಲವೆ? ಹಾಗಾದರೆ ನಂಬರ್ ಸಿಕ್ಸ್ ಎಂದರೆ ಆ ಸರಣಿಯ ನಾಯಕನಾದ ಗೂಢಚಾರ ಜಾನ್ ಡ್ರೇಕನೇ?

ಉತ್ತರ: ಹೌದು, ಕ್ರಿಸ್ಟೋಫರ್ ಬೆಂಜಮಿನ್ ಅವರು ಎರಡರಲ್ಲಿಯೂ ಪಾಟರ್ ಎಂಬ ಹೆಸರಿನಲ್ಲೇ ನಟಿಸಿದ್ದಾರೆ. ನಂಬರ್ ಸಿಕ್ಸ್ ಮತ್ತು ಡ್ರೇಕ್ ಇಬ್ಬರೂ ಒಬ್ಬನೇ ಎಂದು ವಾದಿಸುವವರಿಗೆ ಇದು ಅಚ್ಚುಮೆಚ್ಚಿನ ಸಾಕ್ಷಿ. ಆದರೆ ಮೆಕ್‌ಗೂಹನ್ ಅದನ್ನು ಅಲ್ಲಗಳೆಯುತ್ತಲೇ ಬಂದರು. ಪಾಟರ್ ಇಲ್ಲಿ ಕಾಣಿಸಿಕೊಳ್ಳುವುದು ನಾಯಕ ಕಟ್ಟಿಹೇಳಿದ ಕಥೆಯೊಳಗೆ ಎಂಬುದನ್ನು ಗಮನಿಸಿದರೆ, ಸಾಕ್ಷಿ ಅಷ್ಟೇನೂ ಗಟ್ಟಿಯಲ್ಲವೆಂದು ನನಗೆ ತೋರುತ್ತದೆ.

ಪ್ರಶ್ನೆ: ನೆಪೋಲಿಯನ್ ವೇಷದ ನಟ ಯಾರು?

ಉತ್ತರ: ಕೆನೆತ್ ಗ್ರಿಫಿತ್. ಸೋನ್ಯಾ ಪಾತ್ರದಲ್ಲಿರುವವರು ಜಸ್ಟಿನ್ ಲಾರ್ಡ್. ಗ್ರಿಫಿತ್ ಅವರನ್ನು ಕೊನೆಯ ಕಂತಾದ ‘ಫಾಲ್ ಔಟ್’ನಲ್ಲಿ, ನ್ಯಾಯಾಧೀಶರಂತೆ ಉಡುಪು ತೊಟ್ಟು ಸಭೆ ನಡೆಸುವ ಅಧ್ಯಕ್ಷನಾಗಿ ನೀವು ಮತ್ತೆ ನೋಡಲಿದ್ದೀರಿ.