ಕೊರೊನಾ ಕಾಲದಲ್ಲಿ ಹತ್ತಿದ ಮೊಬೈಲ್ ಗೀಳು ಇನ್ನೂ ಬಿಟ್ಟಿಲ್ಲ. ಇದು ವ್ಯಸನವೇ?

ಲಾಕ್‌ಡೌನ್‌ನಲ್ಲಿ, ಪದವಿ ಓದುವಾಗ, ದಿನಕ್ಕೆ ಎಂಟು ಗಂಟೆ ಮೊಬೈಲ್ ಹಿಡಿದಿದ್ದೆ ಎಂದಿದ್ದೀರಿ. ಕೆಲಸಕ್ಕೆ ಸೇರಿದ ಮೇಲೂ ರಾತ್ರಿ ಎರಡರವರೆಗೆ ರೀಲ್ಸ್ ನೋಡುತ್ತೇನೆ, ಬಿಡಲಾಗುತ್ತಿಲ್ಲ ಎಂದೂ ಬರೆದಿದ್ದೀರಿ. ಮೊದಲನೆಯದಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡನೆಯದು ಬೇರೆ ವಿಷಯ.

ನಾನು ಮನಃಶಾಸ್ತ್ರ ಪಾಠ ಮಾಡುವವಳು. 2020ರಲ್ಲಿ ನನ್ನ ವಿದ್ಯಾರ್ಥಿಗಳು ಪಾಠ ಕೇಳಿದ್ದು, ಪರೀಕ್ಷೆ ಬರೆದದ್ದು, ಗೆಳೆಯರೊಂದಿಗೆ ಜಗಳವಾಡಿದ್ದು, ತೀರಿಕೊಂಡ ಬಂಧುಗಳ ಮುಖವನ್ನು ಕೊನೆಯ ಸಲ ನೋಡಿದ್ದು ಎಲ್ಲವೂ ಅಂಗೈಯಗಲದ ಪರದೆಯಲ್ಲೇ. ಪ್ರವಾಹದ ದಿನಗಳಲ್ಲಿ ದೋಣಿಯಲ್ಲಿ ಓಡಾಡಿದವರಿಗೆ ದೋಣಿಯ ಚಟ ಹತ್ತಿತೆಂದು ಯಾರೂ ಹೇಳುವುದಿಲ್ಲ.

ಆದರೆ ಯುವಜನರ ಬಗ್ಗೆ ಹಾಗೆ ಹೇಳಿದ ಸಮೀಕ್ಷೆಗಳು ಆಗ ಸಾಲುಸಾಲಾಗಿ ಬಂದವು. ಸಮೀಕ್ಷೆ ಮಾಡಿದ ಅನೇಕರು ಬಳಸಿದ್ದು, ಇಂಟರ್ನೆಟ್ ಚಟವನ್ನು ಅಳೆಯಲೆಂದು ಅಮೆರಿಕದ ಮನಃಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಅವರು 1998ರಲ್ಲಿ ಪ್ರಕಟಿಸಿದ 20 ಪ್ರಶ್ನೆಗಳ ಪಟ್ಟಿಯನ್ನು. ಬೇರೆ ಕೆಲಸಕ್ಕೆ ಮೊದಲು ಎಷ್ಟು ಬಾರಿ ಇಮೇಲ್ ನೋಡುತ್ತೀರಿ, ಆನ್‌ಲೈನ್‌ನಲ್ಲಿ ಸಿಕ್ಕವರೊಂದಿಗೆ ಎಷ್ಟು ಬಾರಿ ಹೊಸ ಸ್ನೇಹ ಬೆಳೆಸುತ್ತೀರಿ ಎಂಬ ಪ್ರಶ್ನೆಗಳೂ ಅದರಲ್ಲಿವೆ. ಬಾಗಿಲು ಮುಚ್ಚಿಕೊಂಡು ಕೂತವರು ಸ್ನೇಹವನ್ನು ಇನ್ನೆಲ್ಲಿ ಬೆಳೆಸಬೇಕಿತ್ತು? ಸಾಲದ್ದಕ್ಕೆ, ಇಂಥ ಪ್ರಶ್ನಾವಳಿಗಳು ಹೆಚ್ಚಾಗಿ ಹಂಚಿಕೆಯಾದದ್ದು ಸಾಮಾಜಿಕ ಜಾಲತಾಣಗಳಲ್ಲೇ. ಅಲ್ಲಿ ಹೆಚ್ಚು ಹೊತ್ತು ಕಳೆಯುವವರ ಕಣ್ಣಿಗೇ ಅವು ಹೆಚ್ಚು ಬಿದ್ದಿರುತ್ತವೆ. ಆತಂಕಗೊಂಡವರು ಮೊಬೈಲ್ ಹಿಡಿದರೋ, ಮೊಬೈಲ್ ಹಿಡಿದು ಆತಂಕಗೊಂಡರೋ ಎಂಬುದು ಒಂದೇ ಸಲ ಕೇಳಿದ ಪ್ರಶ್ನೆಗಳಿಂದ ಗೊತ್ತಾಗುವುದಿಲ್ಲ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ವಿಡಿಯೊ ಗೇಮ್‌ನ ಗೀಳಿಗೆ ಜಾಗವಿದೆ; ಸಾಮಾಜಿಕ ಜಾಲತಾಣದ್ದು ಪ್ರತ್ಯೇಕ ಕಾಯಿಲೆಯಾಗಿ ಅದರಲ್ಲಿಲ್ಲ. ಹಾಗೆಂದು ನಿಮ್ಮ ತೊಂದರೆ ಸುಳ್ಳಾಗುವುದಿಲ್ಲ. ಗಂಟೆಗಳ ಲೆಕ್ಕ ಬಿಟ್ಟು ಬೇರೆ ಕೇಳಿಕೊಳ್ಳಿ: ಕಡಿಮೆ ಮಾಡಲು ಹೊರಟು ಮತ್ತೆ ಮತ್ತೆ ಸೋತಿದ್ದೀರಾ? ಸಿಗದಿದ್ದಾಗ ಚಡಪಡಿಸುತ್ತೀರಾ? ನಿದ್ದೆ, ಕೆಲಸ, ಸಂಬಂಧ ಯಾವುದಾದರೂ ಇದರಿಂದ ಕೆಡುತ್ತಿದೆಯೇ? ನಿಮ್ಮ ಪ್ರಶ್ನೆ ಓದಿದರೆ ನಿದ್ದೆಯಂತೂ ಕೆಟ್ಟಿದೆ.

ರೀಲ್ಸ್‌ಗೆ ಕೊನೆಯಿಲ್ಲ, ನಿಲ್ಲಿಸಲು ಒಂದು ತಾಣವೇ ಸಿಗುವುದಿಲ್ಲ. ಹತ್ತು ಸಪ್ಪೆ ವಿಡಿಯೊಗಳ ನಡುವೆ ಯಾವುದೋ ಒಂದು ನಗಿಸುತ್ತದೆ, ಅದು ಯಾವಾಗ ಬರುತ್ತದೆಂದು ತಿಳಿಯದ ಕಾರಣಕ್ಕೇ ಬೆರಳು ಓಡುತ್ತದೆ. ಜೂಜಿನ ಯಂತ್ರವೂ ಮನುಷ್ಯನನ್ನು ಹಿಡಿದಿಡುವುದು ಹೀಗೆಯೇ. ಹಾಗಾಗಿ ಮನೋಬಲವನ್ನು ನಂಬಿ ಕೂರಬೇಡಿ (ಮನೋಬಲದ ಉಪದೇಶ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಡುಕು). ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಅಲಾರಂಗೆ ಗಡಿಯಾರ ಇಟ್ಟುಕೊಳ್ಳಿ. ಆ್ಯಪ್ ತೆಗೆದು ಬ್ರೌಸರ್‌ನಲ್ಲಿ ಮಾತ್ರ ನೋಡಿ, ನೋಡಿದ ಮೇಲೆ ಲಾಗ್‌ಔಟ್ ಮಾಡಿ; ಪ್ರತಿ ಸಲ ಪಾಸ್‌ವರ್ಡ್ ಹಾಕಬೇಕಾದ ಕಿರಿಕಿರಿಯೇ ಅರ್ಧ ಕೆಲಸ ಮಾಡುತ್ತದೆ.

ಕೆಲವು ವಾರ ಹೀಗೆ ಮಾಡಿಯೂ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಮೊಬೈಲ್‌ನಿಂದ ಮಾತು ಶುರುಮಾಡಬೇಡಿ. ಮಲಗಿದಾಗ ಏನೇನು ಯೋಚನೆ ಬರುತ್ತದೆ, ಮನಸ್ಸು ಕುಗ್ಗಿದೆಯೇ, ಬೆಳಿಗ್ಗೆ ಎದ್ದಾಗ ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಿ. ಖಿನ್ನತೆಯೋ ಆತಂಕವೋ ಇದ್ದರೆ ಚಿಕಿತ್ಸೆ ಅದಕ್ಕೆ ಆಗಬೇಕು.