ಬಿಟ್‌ಲಾಕರ್ ಕೀ ಕೇಳ್ತಿದೆ, ಲ್ಯಾಪ್‌ಟಾಪ್ ಓಪನ್ ಆಗ್ತಿಲ್ಲ, ಫೈಲ್‌ಗಳು ಸಿಗುತ್ತಾ?

ಪ್ರಶ್ನೆ: ಸರ್, ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. ಅಪ್‌ಡೇಟ್ ಆಗ್ತಿರುವಾಗ ಚಾರ್ಜ್ ಹೋಗಿ ಆಫ್ ಆಯ್ತು, ಆವಾಗಿಂದ ನೀಲಿ ಸ್ಕ್ರೀನ್ ಬಂದು ಬಿಟ್‌ಲಾಕರ್ ರಿಕವರಿ ಕೀ ಹಾಕಿ ಅಂತ ಕೇಳುತ್ತೆ. ನಾನು ಯಾವತ್ತೂ ಇದನ್ನ ಆನ್ ಮಾಡೇ ಇಲ್ಲ, ದಿನಾ ಹಾಕೋ ಪಿನ್ ಹಾಕಿದ್ರೂ ತಗೊಳ್ತಿಲ್ಲ. ರಿಪೇರಿಯವ್ರು ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರಿ ಸಾಫ್ಟ್‌ವೇರ್‌ನಲ್ಲಿ ಎಲ್ಲಾ ತೆಗೆದುಕೊಡ್ತೀವಿ ಅಂತಿದಾರೆ. ಮಗಳು ಹುಟ್ಟಿದಾಗಿಂದ ತೆಗೆದ ಫೋಟೋ ಎಲ್ಲಾ ಅದ್ರಲ್ಲೇ ಇದೆ. ಕೊಡ್ಲಾ, ಬೇಡ್ವಾ?

ಉತ್ತರ: ಕೊಡಬೇಡಿ, ದಯವಿಟ್ಟು. ಮಾಮೂಲಿ ಡಿಸ್ಕ್ ಆಗಿದ್ರೆ ಫಾರ್ಮ್ಯಾಟ್ ಆದ್ಮೇಲೂ ಹುಡುಕಿದ್ರೆ ಅಷ್ಟೋ ಇಷ್ಟೋ ಸಿಗ್ತಿತ್ತು, ಅವ್ರು ಆ ಅಭ್ಯಾಸದಲ್ಲೇ ಹೇಳ್ತಿರಬಹುದು. ಬಿಟ್‌ಲಾಕರ್ ಅಂದ್ರೆ ಡ್ರೈವ್‌ನಲ್ಲಿರೋದನ್ನೆಲ್ಲಾ ಕೀ ಇಲ್ದೇ ಓದೋಕೆ ಆಗದ ಹಾಗೆ ಮಾಡಿಡೋ (ಎನ್‌ಕ್ರಿಪ್ಟ್ ಮಾಡೋ) ವಿಂಡೋಸ್ ವ್ಯವಸ್ಥೆ, ಹಾಗೆ ಎನ್‌ಕ್ರಿಪ್ಟ್ ಆಗಿರೋ ಡ್ರೈವ್‌ನಲ್ಲಿ ಹಾಗಲ್ಲ. ಫೈಲ್‌ಗಳನ್ನ ಬಿಡಿಸೋ ಅಸಲಿ ಕೀ ಆ ಡ್ರೈವ್ ಒಳಗೇ ಮೆಟಾಡೇಟಾ ಅನ್ನೋ ಚಿಕ್ಕ ಜಾಗದಲ್ಲಿ ಬೀಗ ಹಾಕ್ಕೊಂಡು ಕೂತಿರುತ್ತೆ, ಮೂರು ಕಾಪಿ ಇರುತ್ತೆ, ನೀವು ಟೈಪ್ ಮಾಡೋ ರಿಕವರಿ ಕೀ ಕೆಲಸ ಆ ಬೀಗ ತೆಗೆಯೋದಷ್ಟೇ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಕೊಟ್ರೆ ಆ ಜಾಗಾನೇ ಅಳಿಸಿ ಹೋಗುತ್ತೆ, ಆಮೇಲೆ ನಾಳೆ ನಿಮಗೆ ರಿಕವರಿ ಕೀ ಸಿಕ್ಕಿದ್ರೂ ಅದಕ್ಕೆ ತೆಗೆಯೋಕೆ ಬೀಗಾನೇ ಇರಲ್ಲ. ರಿಸೆಟ್ ಕೊಟ್ಟು ಎಲ್ಲಾ ತೆಗೆದುಹಾಕು ಅಂದ್ರೂ ಫಲಿತಾಂಶ ಅದೇ. ಟಿಪಿಎಂ (ಕೀ ಕಾಯೋ ಚಿಪ್) ಕ್ಲಿಯರ್ ಮಾಡು ಅನ್ನೋ ಆಪ್ಷನ್ ಬಯಾಸ್‌ನಲ್ಲಿ, ಅಂದ್ರೆ ವಿಂಡೋಸ್ ಬರೋಕೆ ಮುಂಚಿನ ಸೆಟ್ಟಿಂಗ್ ಪುಟದಲ್ಲಿ, ಕಂಡ್ರೆ ಅದನ್ನೂ ಮುಟ್ಟಬೇಡಿ.

ನಾನು ಆನ್ ಮಾಡೇ ಇಲ್ಲ ಅಂದ್ರಲ್ಲ, ಅದೇ ನಿಮಗಿರೋ ಒಳ್ಳೇ ಸುದ್ದಿ. ವಿಂಡೋಸ್ 11ರ 24ಎಚ್2 ವರ್ಷನ್ ಹೊಸದಾಗಿ ಹಾಕಿದ್ರೆ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೂ ಮುಂಚಿಂದಾನೇ, ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆದ ಕೂಡ್ಲೇ ಡಿವೈಸ್ ಎನ್‌ಕ್ರಿಪ್ಷನ್ (ಬಿಟ್‌ಲಾಕರ್‌ನದೇ ಸರಳ ರೂಪ) ತಾನಾಗೇ ಆನ್ ಆಗುತ್ತೆ. ಹೀಗೆ ತಾನಾಗೇ ಆನ್ ಆದಾಗ ವಿಂಡೋಸ್ ಮೊದಲು ರಿಕವರಿ ಕೀನ ಆ ಅಕೌಂಟ್‌ಗೆ ಕಳಿಸಿ ಆಮೇಲೇನೇ ಬೀಗ ಬಿಗಿ ಮಾಡೋದು. ಅಂದ್ರೆ ಆ ಕೀ ಯಾರದೋ ಒಂದು ಅಕೌಂಟ್‌ನಲ್ಲಿ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಯಾರದು ಅನ್ನೋದು ಪ್ರಶ್ನೆ. ಲ್ಯಾಪ್‌ಟಾಪ್ ತಂದ ದಿನ ಮೊದಲು ಲಾಗಿನ್ ಆಗಿದ್ದು ಯಾರು ಅಂತ ನೆನಪು ಮಾಡ್ಕೊಳ್ಳಿ, ತಮ್ಮನೋ ಅಳಿಯನೋ ಸೆಟಪ್ ಮಾಡಿಕೊಟ್ಟಿದ್ರೆ ಅವ್ರ ಅಕೌಂಟ್‌ನಲ್ಲಿ ಇರಬಹುದು, ನಿಮ್ಮ ಹಳೇ ಮೇಲ್ ಐಡಿಯಲ್ಲಿ ಇರಬಹುದು, ಆಫೀಸ್ ಅಥವಾ ಕಾಲೇಜ್ ಐಡಿ ಹಾಕಿದ್ರೆ ಅಲ್ಲಿನ ಐಟಿಯವ್ರ ಹತ್ರ ಸಿಗುತ್ತೆ. ಮೊಬೈಲ್‌ನಿಂದಾನೇ ಅಕೌಂಟ್‌ಗೆ ಲಾಗಿನ್ ಆಗಿ ಡಿವೈಸಸ್ ಅನ್ನೋ ಕಡೆ ಬಿಟ್‌ಲಾಕರ್ ಕೀಗಳು ಇರುತ್ತೆ ನೋಡಿ. ಒಂದಕ್ಕಿಂತ ಜಾಸ್ತಿ ಕೀ ಕಂಡ್ರೆ ಗಾಬರಿ ಆಗಬೇಡಿ, ನೀಲಿ ಸ್ಕ್ರೀನ್ ಮೇಲೆ ಕೀ ಐಡಿ ಅಂತ ಒಂದು ಇರುತ್ತೆ, ಅದರ ಮೊದಲ 8 ಅಕ್ಷರ ಯಾವುದಕ್ಕೆ ಹೊಂದುತ್ತೋ ಅದೇ ನಿಮ್ಮದು. ರಿಕವರಿ ಕೀ ಅಂದ್ರೆ 48 ಅಂಕಿ, ಆರಾರು ಅಂಕಿಯ 8 ಗುಂಪು. ನಿಮ್ಮ ಪಿನ್‌ಗೂ ಇದಕ್ಕೂ ಸಂಬಂಧಾನೇ ಇಲ್ಲ, ಅದಕ್ಕೇ ತಗೊಳ್ತಿಲ್ಲ.

ಕೀ ಸಿಕ್ತು, ಹಾಕಿದ್ರಿ, ಆದ್ರೂ ವಿಂಡೋಸ್ ಬರ್ಲಿಲ್ಲ ಅಂದ್ರೆ ಬೇಜಾರಾಗಬೇಡಿ. ಬೀಗ ತೆಗೆಯೋದು ಬೇರೆ, ವಿಂಡೋಸ್ ಬೂಟ್ ಆಗೋದು ಬೇರೆ, ನಿಮಗೆ ಫೋಟೋ ಬೇಕು ಅಂದ್ರೆ ಎರಡನೇದು ಆಗ್ಲೇಬೇಕು ಅಂತಿಲ್ಲ. ಎಸ್‌ಎಸ್‌ಡಿ (ಫೈಲ್‌ಗಳಿರೋ ಡ್ರೈವ್) ಬಿಚ್ಚೋಕೆ ಬರೋ ಥರದ್ದಾಗಿದ್ರೆ ಬಿಚ್ಚಿಸಿ ಯುಎಸ್‌ಬಿ ಕೇಸ್‌ಗೆ ಹಾಕಿ ಇನ್ನೊಂದು ವಿಂಡೋಸ್ ಕಂಪ್ಯೂಟರ್‌ಗೆ ಚುಚ್ಚಿ, ಎಸ್‌ಎಸ್‌ಡಿಯಲ್ಲಿ ಎನ್‌ವಿಎಂಇ, ಸಾಟಾ ಅಂತ ಎರಡು ಥರ, ಎರಡಕ್ಕೂ ಕೇಸ್ ಬೇರೆಬೇರೆ ಅಷ್ಟು ನೋಡ್ಕೊಳ್ಳಿ. ಡ್ರೈವ್ ಮೇಲೆ ಬೀಗದ ಚಿತ್ರ ಬರುತ್ತೆ, ಡಬಲ್ ಕ್ಲಿಕ್ ಮಾಡಿ ಇನ್ನಷ್ಟು ಆಪ್ಷನ್‌ನಲ್ಲಿ ರಿಕವರಿ ಕೀ ಕೊಟ್ರೆ ತೆರ್ಕೊಳ್ಳುತ್ತೆ, ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಹೋಮ್ ಇದ್ರೂ ನಡೆಯುತ್ತೆ. ಬಿಚ್ಚೋಕೆ ಆಗಲ್ಲ ಅಂದ್ರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, 2020ರಲ್ಲಿ ಬಂದ ಕ್ರಿಪ್ಟ್‌ಸೆಟಪ್ ಅನ್ನೋ ಲಿನಕ್ಸ್ ಟೂಲ್‌ನ 2.3 ವರ್ಷನ್‌ನಿಂದ ಈಚೆಗೆ ಲಿನಕ್ಸ್‌ಗೂ ಬಿಟ್‌ಲಾಕರ್ ತೆಗೆಯೋಕೆ ಬರುತ್ತೆ, ಅದಕ್ಕೂ ಇದೇ 48 ಅಂಕಿ ಸಾಕು. ಎಲ್ಲಾ ಕಾಪಿ ಆಗಿ, ಒಂದೆರಡು ಫೋಟೋ ತೆರೆದು ನೋಡಿದ್ಮೇಲೇ ವಿಂಡೋಸ್ ರಿಪೇರಿ ಯೋಚನೆ ಮಾಡಿ.

ಡಿಸ್ಕ್ ಟಕ್ ಟಕ್ ಅಂತ ಸೌಂಡ್ ಮಾಡ್ತಿದ್ರೆ ಅಥವಾ ಕಾಪಿ ಮಧ್ಯ ಮಧ್ಯ ನಿಂತು ಹೋಗ್ತಿದ್ರೆ ಚೆಕ್‌ಡಿಸ್ಕ್ (ಡಿಸ್ಕ್‌ನ ತಪ್ಪು ಹುಡುಕಿ ಸರಿಮಾಡೋ ವಿಂಡೋಸ್ ಕಮಾಂಡ್) ಓಡಿಸಬೇಡಿ, ಸಾಯ್ತಿರೋ ಡಿಸ್ಕ್‌ಗೆ ಅದು ಇನ್ನಷ್ಟು ಹೊರೆ. ಮೊದಲು ಡಿಡಿರೆಸ್ಕ್ಯೂ ಥರದ ಕಾಪಿ ಟೂಲ್‌ನಲ್ಲಿ ಇಡೀ ಡಿಸ್ಕ್‌ನ ಇಮೇಜ್, ಅಂದ್ರೆ ಇದ್ದ ಹಾಗೇ ಪೂರ್ತಿ ನಕಲು, ತೆಗೀಬೇಕು, ಎನ್‌ಕ್ರಿಪ್ಟ್ ಆಗಿದ್ರೂ ಹಾಗೇ ತೆಗೀಬಹುದು, ಬೀಗ ಆಮೇಲೆ ಆ ಇಮೇಜ್ ಮೇಲೆ ತೆಗೆದ್ರಾಯ್ತು. ವಿಂಡೋಸ್‌ನಲ್ಲೇ ರಿಪೇರ್-ಬಿಡಿಇ ಅನ್ನೋ ಕಮಾಂಡ್ ಇದೆ, ಕೀ ಕೊಟ್ರೆ ಹಾಳಾದ ಬಿಟ್‌ಲಾಕರ್ ಡ್ರೈವ್‌ನಿಂದ ಸಿಕ್ಕಷ್ಟನ್ನ ಬಿಡಿಸಿ ಬೇರೆ ಡ್ರೈವ್‌ಗೆ ಬರೆಯುತ್ತೆ, ಆದ್ರೆ ಆ ಇನ್ನೊಂದು ಡ್ರೈವ್‌ನಲ್ಲಿ ಇರೋದೆಲ್ಲಾ ಅಳಿಸಿ ಹೋಗುತ್ತೆ, ಹಾಗಾಗಿ ಖಾಲಿ ಡ್ರೈವ್ ಕೊಡಿ.

ಕೀ ಎಲ್ಲೂ ಸಿಗ್ಲೇ ಇಲ್ಲ ಅಂದ್ರೆ? ಇದನ್ನ ನಿಮಗೆ ನೇರವಾಗಿ ಹೇಳಬೇಕು. ಆ 48 ಅಂಕಿ ಒಳಗೆ ಇರೋದು 128 ಬಿಟ್, ಊಹೆ ಮಾಡಿ ಹೊಡೆಯೋಕೆ ಯಾವ ಕಂಪ್ಯೂಟರ್‌ಗೂ ಆಗಲ್ಲ, ಕೀ ಇಲ್ದೇನೇ ತೆಗೀತೀವಿ ಅನ್ನೋರಿಗೆ ದುಡ್ಡು ಕೊಡಬೇಡಿ. ಆದ್ರೆ ಒಂದು ದಾರಿ ಇರಬಹುದು. ಬೋರ್ಡ್ ಮೇಲಿರೋ ಟಿಪಿಎಂ ಚಿಪ್ ಬೂಟ್ ಆಗುವಾಗ ಎಲ್ಲಾ ಮೊದಲಿನ ಹಾಗೇ ಇದೆ ಅಂತ ಗೊತ್ತಾದ್ರೆ ಮಾತ್ರ ಕೀ ಬಿಟ್ಟುಕೊಡುತ್ತೆ, ಯಾರಾದ್ರೂ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗೋಕೆ ಬಿಡೋ ಸೆಟ್ಟಿಂಗ್) ಆಫ್ ಮಾಡಿದ್ರೆ ಅಥವಾ ಬೂಟ್ ಸೆಟ್ಟಿಂಗ್ ಬದಲಾಯಿಸಿದ್ರೆ ಅದನ್ನ ಮೊದಲು ಹೇಗಿತ್ತೋ ಹಾಗೇ ವಾಪಸ್ ಇಟ್ಟು ನೋಡಿ, ಕೀ ಕೇಳದೇನೇ ಬಂದುಬಿಡುತ್ತೆ ಎಷ್ಟೋ ಸಲ. ಬಂದ್ರೆ ಬೇರೇನೂ ಮಾಡೋಕೆ ಮುಂಚೆ ಫೋಟೋ ಹೊರಗೆ ತೆಗೀರಿ. ಅದೂ ಆಗ್ಲಿಲ್ಲ ಅಂದ್ರೂ ಡಿಸ್ಕ್ ಎಸೀಬೇಡಿ, ಹಾಗೇ ಎತ್ತಿಟ್ಟು ಹೊಸ ಎಸ್‌ಎಸ್‌ಡಿ ಹಾಕ್ಸಿ, ಮರೆತು ಹೋಗಿರೋ ಅಕೌಂಟ್ ಒಂದಿನ ನೆನಪಾಗಬಹುದು.

ಪ್ರಶ್ನೆ: ನನ್ನದು ಎಂ1 ಮ್ಯಾಕ್‌ಬುಕ್, ಫೈಲ್‌ವಾಲ್ಟ್ (ಮ್ಯಾಕ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಆನ್ ಇದೆ. ನೀರು ಬಿದ್ದು ಬೋರ್ಡ್ ಹೋಗಿದೆ. ಸ್ಟೋರೇಜ್ ಚಿಪ್ ತೆಗೆದು ಬೇರೆ ಬೋರ್ಡ್‌ಗೆ ಹಾಕಿದ್ರೆ ಡೇಟಾ ಬರುತ್ತಾ?

ಉತ್ತರ: ಬರಲ್ಲ. ಟಿ2 ಅನ್ನೋ ಆ್ಯಪಲ್ ಸೆಕ್ಯೂರಿಟಿ ಚಿಪ್ ಇರೋ ಮ್ಯಾಕ್‌ಗಳಲ್ಲೂ ಎಂ ಸೀರೀಸ್‌ನಲ್ಲೂ ಎನ್‌ಕ್ರಿಪ್ಷನ್ ಆ ಒಂದು ಚಿಪ್‌ಗೇ ಕಟ್ಟಿಹಾಕಿರುತ್ತೆ, ಪಾಸ್‌ವರ್ಡ್ ಗೊತ್ತಿದ್ರೂ ಬೇರೆ ಚಿಪ್ ಮುಂದೆ ಅದು ಬರೀ ಗೋಜಲು. ಇರೋ ದಾರಿ ಅಂದ್ರೆ ಅದೇ ಬೋರ್ಡ್‌ನ ಒಂದು ಸಲ ಆನ್ ಆಗೋ ಮಟ್ಟಕ್ಕೆ ರಿಪೇರಿ ಮಾಡಿಸೋದು, ಅದನ್ನ ಚಿಪ್ ಮಟ್ಟದಲ್ಲಿ ಬೋರ್ಡ್ ಕೆಲಸ ಗೊತ್ತಿರೋರೇ ಮಾಡಬೇಕು, ಬೋರ್ಡ್ ಬದಲಾಯಿಸ್ತೀವಿ ಅಂದ್ರೆ ಒಪ್ಕೋಬೇಡಿ. ಆನ್ ಮಾಡಿ ನೋಡ್ತಾನೇ ಇರೋದನ್ನೂ ನಿಲ್ಲಿಸಿ, ನೀರಿನ ಅಂಶ ಇರುವಾಗ ಕರೆಂಟ್ ಹೋದ್ರೆ ಇನ್ನಷ್ಟು ಸುಡುತ್ತೆ. ಬೋರ್ಡ್‌ಗೆ ಜೀವ ಬಂದು ಮ್ಯಾಕ್‌ಒಎಸ್ ಮಾತ್ರ ಬೂಟ್ ಆಗ್ತಿಲ್ಲ ಅಂದ್ರೆ ಇನ್ನೊಂದು ಮ್ಯಾಕ್‌ಗೆ ಕನೆಕ್ಟ್ ಮಾಡಿ ಡಿಎಫ್‌ಯು ಮೋಡ್‌ನಲ್ಲಿ (ಫರ್ಮ್‌ವೇರ್ ಮತ್ತೆ ಹಾಕೋ ಸ್ಥಿತಿ) ಡೇಟಾ ಅಳಿಸದ ರಿವೈವ್ ಮಾಡಿಸಿ. ಪಕ್ಕದಲ್ಲೇ ರಿಸ್ಟೋರ್ ಅಂತಾನೂ ಇರುತ್ತೆ, ಅದು ಎಲ್ಲಾ ಅಳಿಸಿಬಿಡುತ್ತೆ, ರಿಪೇರಿಗೆ ಕೊಡುವಾಗ ಈ ಒಂದು ಮಾತನ್ನ ಬರೆದೇ ಕೊಡಿ.