ಮತ್ತೆ ಲಾಕ್‌ಡೌನ್ ಬಂದರೆ ಸಣ್ಣ ಹೊಲಿಗೆ ಘಟಕದವರು ಏನು ಮಾಡಬೇಕು?

ಕೊಪ್ಪಳದಲ್ಲಿ ಹತ್ತು ಮಷೀನು ಹಾಕಿ ಹೊಲಿಗೆ ಘಟಕ ಶುರು ಮಾಡುತ್ತಿದ್ದೀರಿ. ಕೊರೊನಾ ತರಹದ್ದು ಮತ್ತೆ ಬಂದರೆ ಕೆಲಸಗಾರರ ಸಂಬಳ, ಶೆಡ್ಡಿನ ಬಾಡಿಗೆ, ಬ್ಯಾಂಕಿನ ಕಂತು, ಇವಕ್ಕೆಲ್ಲ ಕಾನೂನು ಏನು ಹೇಳುತ್ತದೆ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವನು. 2020ರಲ್ಲಿ ನನ್ನ ಹತ್ತಿರ ಹನ್ನೆರಡು ಮಷೀನು, ಹದಿನೈದು ಜನ ಇದ್ದರು. ಆಗ ನಾನು ಏನೇನು ತಪ್ಪು ತಿಳ್ಕೊಂಡಿದ್ದೆ ಅನ್ನೋದನ್ನೇ ಹೇಳುತ್ತೇನೆ.

ಆಗ ಆದೇಶದಲ್ಲಿ ಇದ್ದದ್ದು ಒಂದು, ನಮ್ಮ ಕಿವಿಗೆ ಬಿದ್ದದ್ದು ಇನ್ನೊಂದು. ಏಪ್ರಿಲ್‌ನಲ್ಲಿ ಒಂದು ಸುದ್ದಿ ಹಬ್ಬಿತ್ತು. ಘಟಕದಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಮಾಲೀಕನಿಗೆ ಜೈಲು, ಮೂರು ತಿಂಗಳು ಬಾಗಿಲಿಗೆ ಸೀಲು ಅಂತ. ಅದಕ್ಕೆ ಹೆದರಿ, ತೆರೆಯೋಕೆ ಅವಕಾಶ ಸಿಕ್ಕ ಮೇಲೂ ನಾನು ಎರಡು ವಾರ ಸುಮ್ನೆ ಬೀಗ ಹಾಕಿಕೊಂಡು ಕೂತೆ. ಕೇಂದ್ರ ಗೃಹ ಇಲಾಖೆ ಏಪ್ರಿಲ್ 23ಕ್ಕೇ ಅದು ತಪ್ಪು ತಿಳಿವಳಿಕೆ ಅಂತ ಬರೆದು ಸ್ಪಷ್ಟ ಮಾಡಿತ್ತು. ಮಾಲೀಕನಿಗೆ ಗೊತ್ತಿದ್ದು, ಅವನ ಒಪ್ಪಿಗೆಯಿಂದ ಇಲ್ಲವೇ ಅಸಡ್ಡೆಯಿಂದ ನಿಯಮ ಮುರಿದಿದ್ದರೆ ಮಾತ್ರ ಕ್ರಮ. ಆದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಶಿಕ್ಷೆ ಸುಳ್ಳಲ್ಲ. ಆದೇಶ ಮುರಿದರೆ 51ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು, ಅದರಿಂದ ಜೀವಹಾನಿ ಆದರೆ ಎರಡು ವರ್ಷ.

ಕೇಂದ್ರದ ಆದೇಶ ಒಂದನ್ನೇ ಓದಿದರೂ ಸಾಲದು. ಕೇಂದ್ರ ಹಾಕಿದ ನಿಯಮವನ್ನು ರಾಜ್ಯ ಸಡಿಲ ಮಾಡುವ ಹಾಗಿರಲಿಲ್ಲ, ಬಿಗಿ ಮಾಡಬಹುದಿತ್ತು. ಅದರ ಮೇಲೆ ಡಿಸಿ ಆದೇಶ ಬೇರೆ. ಹಾಗಾಗಿ ಮೂರೂ ಪಿಡಿಎಫ್ ಇಳಿಸಿಕೊಂಡು, ತಾರೀಖು ಮತ್ತು ಎಲ್ಲಿಯವರೆಗೆ ಜಾರಿ ಅನ್ನೋದನ್ನು ಮೊದಲು ನೋಡಿ.

ಸಂಬಳದ ವಿಷಯದಲ್ಲಿ ನಾನು ಜಾಸ್ತಿ ಒದ್ದಾಡಿದೆ. ಮುಚ್ಚಿದ ದಿನಗಳಿಗೂ ಏನೂ ಕಡಿತ ಮಾಡದೆ ಪೂರ್ತಿ ಸಂಬಳ ಕೊಡಿ ಅಂತ 2020ರ ಮಾರ್ಚ್ 29ಕ್ಕೆ ಆದೇಶ ಬಂತು. ನಮ್ಮಲ್ಲಿ ಸಂಬಳ ಅಂದರೆ ಪೀಸಿನ ಲೆಕ್ಕ. ಹೊಲಿಯದ ಪ್ಯಾಂಟಿಗೆ ಎಷ್ಟು ಅಂತ ಕೊಡೋದು? ಕೊನೆಗೆ ಹಿಂದಿನ ಮೂರು ತಿಂಗಳ ಸರಾಸರಿ ತೆಗೆದು, ಅದರಲ್ಲಿ ಅರ್ಧ ಕೊಟ್ಟೆ. ಕಟಿಂಗ್ ಮಾಸ್ಟರ್‌ನಿಂದ ಹಿಡಿದು ದಾರ ಕತ್ತರಿಸುವ ಅಕ್ಕನವರೆಗೆ ಎಲ್ಲರ ಹತ್ತಿರ ನೋಟ್‌ಬುಕ್ಕಿನಲ್ಲಿ ಸಹಿ, ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಂಡೆ. ಆ ಆದೇಶ ಮೇ 18ರಿಂದ ಹೋಯಿತು. ಜೂನ್ 12ಕ್ಕೆ ಸುಪ್ರೀಂ ಕೋರ್ಟ್, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಇಬ್ಬರೂ ಕೂತು ಮಾತಾಡಿ ಇತ್ಯರ್ಥ ಮಾಡಿಕೊಳ್ಳಿ, ಆಗದಿದ್ದರೆ ಕಾರ್ಮಿಕ ಇಲಾಖೆಯ ಮುಂದೆ ಹೋಗಿ ಅಂದಿತು. ಕೊಡಲೇಬೇಡಿ ಅಂತ ಕೋರ್ಟು ಎಲ್ಲೂ ಹೇಳಲಿಲ್ಲ. ನಮ್ಮ ಓಣಿಯಲ್ಲಿ ಎಷ್ಟೋ ಜನ ಹಾಗೇ ತಿಳಿದುಕೊಂಡರು, ಆಮೇಲೆ ಕೆಲಸಗಾರರೂ ಹೋದರು, ಹೆಸರೂ ಹೋಯಿತು.

ಬಾಡಿಗೆ ಮನ್ನಾ ಅನ್ನೋದೂ ಅದೇ ಮಾರ್ಚ್ 29ರ ಆದೇಶದಿಂದ ಹುಟ್ಟಿದ ಗಾಳಿಮಾತು. ಬಾಡಿಗೆ ಮನೆಯಲ್ಲಿರುವ ಕೂಲಿಕಾರರಿಂದ ಒಂದು ತಿಂಗಳು ಬಾಡಿಗೆ ಕೇಳಬೇಡಿ ಅಂತಷ್ಟೇ ಅದರಲ್ಲಿ ಇದ್ದದ್ದು. ನಿಮ್ಮ ಶೆಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಸರ್ಕಾರದ ಆದೇಶದಿಂದ ಮುಚ್ಚಿದ ದಿನಗಳಿಗೆ ಅರ್ಧ ಬಾಡಿಗೆ ಅಂತ ಕರಾರು ಪತ್ರದಲ್ಲಿ ಈಗಲೇ ಒಂದು ಸಾಲು ಹಾಕಿಸಿ. ಕೇಳೋಕೆ ಮುಜುಗರ ಆಗುತ್ತದೆ, ನಿಜ.

ಇನ್ನು ಕಂತು. ಮಾರ್ಚ್ 27ಕ್ಕೆ ರಿಸರ್ವ್ ಬ್ಯಾಂಕ್ ಮೂರು ತಿಂಗಳ ಬಿಡುವು ಕೊಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು, ಮೇನಲ್ಲಿ ಅದನ್ನು ಆಗಸ್ಟ್ 31ರವರೆಗೆ ಎಳೆಯಿತು. ನಾನು ಖುಷಿಯಾಗಿ ಆರೂ ತಿಂಗಳು ಕಟ್ಟಲಿಲ್ಲ. ಬಡ್ಡಿ ಮಾತ್ರ ನಿಂತಿರಲಿಲ್ಲ, ಕಂತುಗಳ ಸಂಖ್ಯೆ ಜಾಸ್ತಿ ಆಯಿತು. ಬಡ್ಡಿಯ ಮೇಲಿನ ಬಡ್ಡಿಯನ್ನು ಆಮೇಲೆ ಸರ್ಕಾರ ವಾಪಸ್ ಹಾಕಿತು, ಎರಡು ಕೋಟಿವರೆಗಿನ ಸಾಲಗಳಿಗೆ. ಬಂದ ದುಡ್ಡು ಪುಡಿಗಾಸು. ನಿಜವಾಗಿ ಕೈ ಹಿಡಿದದ್ದು ತುರ್ತು ಸಾಲದ ಯೋಜನೆ. 2020ರ ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇಕಡಾ 20ರಷ್ಟನ್ನು ಹೊಸ ಅಡಮಾನ ಕೇಳದೆ ಕೊಟ್ಟರು. ನನಗೆ ನಾಲ್ಕು ಲಕ್ಷ ಬಾಕಿ ಇತ್ತು, ಎಂಬತ್ತು ಸಾವಿರ ಸಿಕ್ಕಿತು. ಜಿಪ್ಪು, ಬಟನ್ನು, ದಾರ ತಂದು ಮತ್ತೆ ಮಷೀನು ಓಡಿಸಿದ್ದು ಅದರಲ್ಲೇ.

ನೀವು ಕೇಳದೇ ಬಿಟ್ಟ ಒಂದು ವಿಷಯವಿದೆ, ಮಾಲು ತಗೊಂಡವರ ಬಾಕಿ. ನನಗೆ ದೊಡ್ಡ ಹೊಡೆತ ಬಿದ್ದದ್ದು ಅಲ್ಲೇ. ಹೊರ ರಾಜ್ಯದ ಒಬ್ಬ ವ್ಯಾಪಾರಿ ಫೆಬ್ರವರಿಯಲ್ಲಿ ಮಾಲು ಎತ್ತಿದ್ದರು. ಲಾಕ್‌ಡೌನ್ ಆದ ಮೇಲೆ ಫೋನೇ ಎತ್ತಲಿಲ್ಲ. 2006ರ ಎಂಎಸ್‌ಎಂಇ, ಅಂದರೆ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಪ್ರಕಾರ ಕಿರು ಮತ್ತು ಸಣ್ಣ ಘಟಕದ ಬಿಲ್ಲಿಗೆ, ಕರಾರು ಏನೇ ಇರಲಿ, 45 ದಿನದೊಳಗೆ ದುಡ್ಡು ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಘೋಷಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಇದಕ್ಕಿರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಹಾಕಿದರೆ ಅದು ಇಂಥ ಬಾಕಿ ತಕರಾರು ನೋಡುವ ರಾಜ್ಯದ ಕೌನ್ಸಿಲ್ ಮುಂದೆ ಹೋಗುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ನಾನು ಎಂಎಸ್‌ಎಂಇ ರಿಜಿಸ್ಟ್ರೇಷನ್ ಮಾಡಿಸಿದ್ದು ಆ ಮಾಲು ಕಳಿಸಿದ ಮೇಲೆ. ಹಳೆ ಬಿಲ್ಲಿಗೆ ಇದು ನಿಲ್ಲೋದು ಕಷ್ಟ ಅಂದರು ವಕೀಲರು. ಕೊನೆಗೆ ಅರ್ಧಕ್ಕೆ ರಾಜಿಯಾದೆ.

ನೀವು ಮೊದಲ ಮಾಲು ಕಳಿಸುವ ಮುಂಚೆಯೇ ಆ ರಿಜಿಸ್ಟ್ರೇಷನ್, ಈಗ ಅದಕ್ಕೆ ಉದ್ಯಮ್ ಅಂತಾರೆ, ಮಾಡಿಸಿಕೊಳ್ಳಿ, ಬಿಲ್ಲಿನ ಮೇಲೆ ಆ ನಂಬರ್ ಹಾಕಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ನೀವೇ ಮಾಡಬಹುದು, ಫೀಸ್ ಇಲ್ಲ. ಇದಕ್ಕೆ ಯಾರಾದರೂ ಸಾವಿರ, ಎರಡು ಸಾವಿರ ಸರ್ಕಾರಿ ಫೀಸ್ ಅಂತ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.